ದಯಾಶಬ್ದದ ಅರ್ಥವೂ ಮೂಲವೂ

‘ದಯೆ’ ಎಂದೊಡನೆ ಪರರ ದುಃಖವನ್ನು ಕಂಡು ಕರಗುವ ಮನೋವೃತ್ತಿಯೊಂದೇ ಕನ್ನಡಿಗರಿಗೆ ತೋರುವ ಅರ್ಥವು. ಈ ಅರ್ಥವನ್ನೇ ಹಿಡಿದು ಋಗ್ವೇದವನ್ನು ಓದಹೊರಟರೆ ವಿರೋಧವುಂಟಾಗುತ್ತದೆ. ಅಲ್ಲಿ ‘ದಯ್’ ಧಾತುವಿನ ಕ್ರಿಯೆಯು ಕಾಡನ್ನು ಸುಡುವ ಅಗ್ನಿಗೂ ಶತ್ರುಗಳನ್ನು ಸೀಳುವ ಇಂದ್ರನಿಗೂ ಅನ್ವಯಿಸಿದೆ. ಆದುದರಿಂದ ಶಬ್ದದ ಮೂಲಾರ್ಥವನ್ನು ನಿರ್ಣಯಿಸುವುದು ಅವಶ್ಯಕವು.

ಈ ಧಾತುವು ಅನೇಕ ಕ್ರಿಯೆಗಳನ್ನು ಹೇಳುತ್ತದೆಂದು ಯಾಸ್ಕನು ನಿರುಕ್ತದ ನಾಲ್ಕನೆಯ ಅಧ್ಯಾಯದಲ್ಲಿ ತೋರಿಸಿದ್ದಾನೆ. ಪಾಣಿನೀಯ ಧಾತುಪಾಠವು ದಾನ, ಗತಿ, ರಕ್ಷಣ, ಹಿಂಸೆ, ಆದಾನಗಳೆಂಬ ಐದು ಅರ್ಥಗಳನ್ನು ಕೊಡುತ್ತದೆ. ಕೊಡುವುದೂ ಕೊಲ್ಲುವುದೂ ಒಂದೇ ಧಾತುವಿನಲ್ಲಿ ಹೇಗೆ ಸೇರಿದುವು? ‘ಪಾಲುಮಾಡು’ ಎಂಬುದನ್ನು ಮೂಲಾರ್ಥವಾಗಿ ಗ್ರಹಿಸಿದರೆ ತೊಡಕು ಬಿಡುತ್ತದೆ. ಧನವನ್ನು ಪಾಲುಮಾಡಿ ಕೊಟ್ಟರೆ ದಾನ. ಶತ್ರುವಿನ ದೇಹವನ್ನು ಪಾಲುಮಾಡಿದರೆ ಹಿಂಸೆ. ಹಂಚುವುದೆಂಬ ಅರ್ಥದ ಗ್ರೀಕಿನ ‘ದಾಯೊಮಾಯ್’ ಎಂಬ ಸಜಾತೀಯ ಕ್ರಿಯಾಪದವೂ ಇದಕ್ಕೆ ಪೋಷಕವಾಗಿದೆ.

ಪಾಣಿನಿಯ ಸೂತ್ರವೊಂದು (2.3.52) ಈ ಧಾತುವಿನ ಕರ್ಮಕ್ಕೆ ಷಷ್ಠೀವಿಭಕ್ತಿಯನ್ನು ವಿಧಿಸುತ್ತದೆ. ಅದಕ್ಕೆ ಕಾಶಿಕಾವೃತ್ತಿಯು ಕೊಡುವ ಉದಾಹರಣೆಯು ತುಪ್ಪಕ್ಕೆ ಸಂಬಂಧಿಸಿದುದು. ತುಪ್ಪದ ಮೇಲೆ ಕನಿಕರವು ಅಸಂಭವ. ತುಪ್ಪವನ್ನು ಕೊಡುವುದೆಂಬ ಅರ್ಥವೇ ಸಂಗತ.

ಅರ್ಥವು ಪಲ್ಲಟಗೊಂಡುದಕ್ಕೆ ಬೃಹದಾರಣ್ಯಕೋಪನಿಷತ್ತಿನ ಐದನೆಯ ಅಧ್ಯಾಯವು ಸಾಕ್ಷಿಯಾಗಿದೆ. ಪ್ರಜಾಪತಿಯು ನುಡಿದ ‘ದ’ ಎಂಬ ಒಂದೇ ಅಕ್ಷರದಿಂದ ದೇವತೆಗಳು ದಮವನ್ನೂ ಮನುಷ್ಯರು ದಾನವನ್ನೂ ಅಸುರರು ದಯೆಯನ್ನೂ ಗ್ರಹಿಸಿದರು. ಇಲ್ಲಿ ದಾನವು ಬೇರೆ, ದಯೆಯು ಬೇರೆ. ಪಾಲು ಕೊಡುವ ಕೈಯ ಕೆಲಸವು ಕೊಡಿಸುವ ಮನಸ್ಸಿನ ಗುಣವಾಗಿ ಮಾರ್ಪಟ್ಟಿತೆಂದು ಊಹಿಸಬಹುದು.

ಸಂಸ್ಕೃತದ ‘ದಯಾ’ ಎಂಬುದು ಮಾಲಾ–ಮಾಲೆ ಎಂಬಂತೆ ಕನ್ನಡದಲ್ಲಿ ‘ದಯೆ’ಯಾಯಿತು. ‘ದಯಪಾಲಿಸು’ ಎಂದರೆ ಕೊಡು. ‘ದಯಮಾಡಿಸು’ ಎಂದರೆ ಬಾ. ಇವುಗಳಲ್ಲಿ ಧಾತುಪಾಠದ ದಾನಗತ್ಯರ್ಥಗಳೇ ಉಳಿದುಬಂದಿವೆಯೆಂದು ಹೇಳುವುದು ಸುಲಭ, ಆದರೆ ಸಾಧುವಲ್ಲ. ಕೃಪೆಯಿಂದ ಕೊಡು, ಕೃಪೆಯಿಟ್ಟು ಬಾ ಎಂಬ ಗೌರವೋಕ್ತಿಗಳೇ ಹೀಗೆ ರೂಢಿಗೆ ಬಂದಿವೆಯೆನ್ನುವುದು ಯುಕ್ತವು. ರೂಪಸಾಮ್ಯವನ್ನಾಗಲಿ ಅರ್ಥಸಾಮ್ಯವನ್ನಾಗಲಿ ಕಂಡ ಮಾತ್ರಕ್ಕೆ ಮೂಲವನ್ನು ನಿಶ್ಚಯಿಸಲಾಗದು. ನಡುವಣ ಪ್ರಯೋಗಪರಂಪರೆಯೇ ಪ್ರಮಾಣವು. ಆದರೂ ಕನಿಕರಪಡುವುದಕ್ಕೆ ಮೊದಲು ಈ ಶಬ್ದವು ಹಂಚಿಕೊಡುವುದನ್ನು ಹೇಳುತ್ತಿತ್ತೆಂಬುದು ಅಧ್ಯಾಪಕರು ವಿದ್ಯಾರ್ಥಿಗಳಿಗೆ ತಿಳಿಸತಕ್ಕ ಸಂಗತಿ.