ಗಣಕಯಂತ್ರದೊಳಗೊಂದು ಅಂಚೆಮನೆ

ಆನವಟ್ಟಿಯಲ್ಲಿ ಬರೆದ ಕಾಗದವನ್ನು ಬೆಂಗಳೂರಿನ ವಿಳಾಸದಾರನು ಅದೇ ಗಳಿಗೆಯಲ್ಲಿ ಕೈನೀಡಿ ಪಡೆಯಬೇಕೆಂಬ ನಿರ್ಬಂಧವಿಲ್ಲ. ಅಂಚೆಮನೆಯು ನಡುವೆ ನಿಂತು ಕಾಗದವನ್ನು ಕಾಪಾಡಿ ಮುಟ್ಟಿಸುತ್ತದೆ. ತಂತ್ರಾಂಶಗಳ ನಡುವೆ ಇದೇ ಸೇವೆಯನ್ನು ಸಲ್ಲಿಸುವುದು ‘ಮೆಸೇಜ್ ಬ್ರೋಕರ್’, ಎಂದರೆ ಸಂದೇಶ ಮಧ್ಯವರ್ತಿ. ಹಣ ಸಂದಾಯವನ್ನು ದಾಖಲಿಸುವ ತಂತ್ರಾಂಶವು ಸಂದೇಶವನ್ನು ಸರದಿಯಲ್ಲಿರಿಸಿ ತನ್ನ ಕೆಲಸಕ್ಕೆ ಮರಳುತ್ತದೆ. ರಸೀದಿ ಕಳುಹಿಸುವ ತಂತ್ರಾಂಶವು ಬಿಡುವಾದಾಗ ಅದನ್ನೆತ್ತಿಕೊಳ್ಳುತ್ತದೆ. ಸ್ವೀಕೃತಿಯನ್ನು ಕಡ್ಡಾಯಗೊಳಿಸಿದ್ದರೆ, ಅದು ಬರುವವರೆಗೆ ಸಂದೇಶವು ಸರದಿಯಿಂದ ಅಳಿಯುವುದಿಲ್ಲ.

2007ರಲ್ಲಿ ಹೊರಬಂದ ರ‍್ಯಾಬಿಟ್‌ಎಂಕ್ಯೂ, 2011ರಲ್ಲಿ ಲಿಂಕ್ಡ್‌ಇನ್ ಸಂಸ್ಥೆಯು ಮುಕ್ತಗೊಳಿಸಿದ ಕಾಫ್ಕಾ, ಇವು ಈ ವರ್ಗದ ಪ್ರಸಿದ್ಧ ತಂತ್ರಾಂಶಗಳು. ಬೆಂಗಳೂರಿನ ಜೆರೋಧಾ ಸಂಸ್ಥೆಯು ಕಾಫ್ಕಾ ಸಮೂಹಗಳ ನಡುವೆ ಸಂದೇಶ ಸಾಗಿಸುವ ‘ಕಾಫ್-ರಿಲೇ’ ಎಂಬ ಸಾಧನವನ್ನು ರಚಿಸಿ ಸರ್ವರಿಗೂ ಮುಕ್ತವಾಗಿರಿಸಿದೆ.

ಇಂತಹ ವ್ಯವಸ್ಥೆಯನ್ನು ಕಲಿಯಲು ದುಬಾರಿ ಯಂತ್ರಗಳು ಬೇಕೆಂಬ ಭಾವನೆ ಸರಿಯಲ್ಲ. 2013ರಲ್ಲಿ ಪ್ರಕಟವಾದ ಡಾಕರ್ ಎಂಬ ತಂತ್ರಾಂಶವು, ಬೇಕಾದ ಸಲಕರಣೆಗಳೆಲ್ಲವನ್ನೂ ‘ಕಂಟೇನರ್’ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುತ್ತದೆ. ರ‍್ಯಾಬಿಟ್‌ಎಂಕ್ಯೂವಿನ ಸಿದ್ಧಪ್ರತಿಯನ್ನು ಒಮ್ಮೆ ಇಳಿಸಿಕೊಂಡರೆ, ಮಳೆಗಾಲದಲ್ಲಿ ಅಂತರ್ಜಾಲ ಕಡಿದುಹೋದರೂ ಅಭ್ಯಾಸ ನಿಲ್ಲದು. ಸಂದೇಶಗಳಿಗೆ 5672, ಮೇಲ್ವಿಚಾರಣೆಯ ಪುಟಕ್ಕೆ 15672 ಸಂಖ್ಯೆಯ ದ್ವಾರಗಳನ್ನು ತೆರೆಯಬೇಕು. ಆರಂಭದ ‘ಗೆಸ್ಟ್’ ಎಂಬ ಬಳಕೆದಾರ ಹೆಸರು ಎಲ್ಲರಿಗೂ ತಿಳಿದದ್ದಾದುದರಿಂದ ಆ ದ್ವಾರಗಳು ಸ್ವಂತ ಯಂತ್ರಕ್ಕೆ ಮಾತ್ರ ಸೀಮಿತವಾಗಿರುವುದು ಲೇಸು. ತರಗತಿಯವರೆಲ್ಲರೂ ಒಂದೇ ಆವೃತ್ತಿಯನ್ನು ಗೊತ್ತುಮಾಡಿಕೊಳ್ಳಬೇಕು.

ಕಂಟೇನರನ್ನು ಅಳಿಸಿದರೆ ಅದರೊಳಗಿನ ದತ್ತಾಂಶವೂ ಅಳಿಯುತ್ತದೆ. ಆದ್ದರಿಂದ ಹೊರಗೊಂದು ಶಾಶ್ವತ ಸಂಗ್ರಹವನ್ನು, ಎಂದರೆ ‘ವಾಲ್ಯೂಮ್’ ಅನ್ನು, ಜೋಡಿಸಬೇಕು. ರ‍್ಯಾಬಿಟ್‌ಎಂಕ್ಯೂ ಯಂತ್ರದ ಹೆಸರಿನಡಿ ದತ್ತಾಂಶವನ್ನಿಡುವ ಕಾರಣ, ಕಂಟೇನರಿಗೂ ಸ್ಥಿರವಾದ ಯಂತ್ರನಾಮವನ್ನು ಕೊಡಬೇಕು. ಇಲ್ಲವಾದರೆ ಸಂಗ್ರಹವಿದ್ದರೂ ಹೊಸ ಕಂಟೇನರಿಗೆ ಸರದಿ ಬರಿದಾಗಿ ತೋರುವುದು. ವಿದ್ಯುತ್ ಹೋಗಿಬಂದ ಮೇಲೂ ಸಂದೇಶ ಉಳಿಯಬೇಕಾದರೆ ಸರದಿ ಮತ್ತು ಸಂದೇಶ ಎರಡನ್ನೂ ‘ಸ್ಥಾಯಿ’ ಎಂದು ಘೋಷಿಸಿರಬೇಕು. ಮಧ್ಯವರ್ತಿಯಿಂದ ಕಳುಹಿಸಿದವನಿಗೆ ದೃಢೀಕರಣವೂ ಬಂದಿರಬೇಕು.

ಇದನ್ನು ಶಾಲೆಯಲ್ಲಿಯೇ ಪ್ರಯೋಗಿಸಬಹುದು. ಸ್ವೀಕರಿಸುವ ತಂತ್ರಾಂಶವನ್ನು ನಿಲ್ಲಿಸಿ ಹತ್ತು ಸಂದೇಶಗಳನ್ನು ಕಳುಹಿಸಿರಿ. ಮೇಲ್ವಿಚಾರಣೆಯ ಪುಟದಲ್ಲಿ ಹತ್ತೂ ಕಾಣುತ್ತವೆ. ಕಂಟೇನರನ್ನು ನಿಲ್ಲಿಸಿ, ಅಳಿಸಿ, ಮತ್ತೆ ರಚಿಸಿರಿ. ಹತ್ತೂ ಉಳಿದಿದ್ದರೆ ಏರ್ಪಾಡು ಸರಿಯಾಗಿದೆ; ಇಲ್ಲವಾದರೆ ಮೇಲಿನ ಯಾವ ನಿಯಮ ತಪ್ಪಿತೆಂದು ವಿದ್ಯಾರ್ಥಿಯೇ ಹುಡುಕಲಿ.

ಪರರ ಹಣದ ಲೆಕ್ಕವನ್ನು ಹೊರುವ ತಂತ್ರಾಂಶದಲ್ಲಿ ಕಳೆದ ಒಂದು ಸಂದೇಶವೂ ಒಬ್ಬರ ನಷ್ಟವೇ. ಆ ಎಚ್ಚರವನ್ನು ನಷ್ಟವಿಲ್ಲದೆ ಕಲಿಯುವ ಸ್ಥಳ ಈ ಪುಟ್ಟ ಅಂಚೆಮನೆ. ಸಾಧಾರಣವಾದ ಒಂದೆರಡು ಗಣಕಯಂತ್ರಗಳನ್ನು ದಾನಿಗಳು ಒದಗಿಸಿದಲ್ಲಿ, ಉಳಿದದ್ದನ್ನು ಶಿಕ್ಷಕರ ಆಸಕ್ತಿಯೂ ಹಳೆಯ ವಿದ್ಯಾರ್ಥಿಗಳ ಮಾರ್ಗದರ್ಶನವೂ ಪೂರೈಸಬಲ್ಲವು.