14 ವರ್ಷ ಮೊದಲೇ ಅಲೆಯನ್ನು ಕಂಡವನು

ಕೋಲ್ಕತ್ತದ ಎಸ್ಪ್ಲನೇಡ್‌ನಲ್ಲಿ ನಿಂತು ಎತ್ತ ತಿರುಗಿದರೂ ಸಮುದ್ರದ ಸುಳಿವಿಲ್ಲ. ಧರ್ಮತಲಾದ ಬಸ್ಸುಗಳ ಗದ್ದಲ, ಫುಟ್‌ಪಾತ್ ವ್ಯಾಪಾರಿಗಳ ಕೂಗು, ಒಂದು ಕಡೆ ಮೈದಾನದ ಹಸಿರು, ಇನ್ನೊಂದು ಕಡೆ ರಾಜ್ಯಪಾಲರ ನಿವಾಸದ ಭಾರೀ ಗೇಟು. ಬಂಗಾಳ ಕೊಲ್ಲಿಯ ತೆರೆದ ನೀರು ಇಲ್ಲಿಂದ ಎಷ್ಟೋ ದೂರ. ಆದರೂ ಕಡಲಿನ ಅಲೆಯೊಂದು ನುಗ್ಗಿ ಬಂದು ರೈಲು ನಿಲ್ದಾಣವನ್ನೇ ಬಡಿದ ಕಥೆ ಶುರುವಾಗುವುದು ಈ ಜಾಗದಿಂದಲೇ! ಆ ಗೇಟಿನೊಳಗಿನ ಬಂಗಲೆಯಲ್ಲಿ ಆಗ ಗವರ್ನರ್ ಜನರಲ್ ಡಾಲ್‌ಹೌಸಿ ಇದ್ದ. 1853ರಲ್ಲಿ ಕಲ್ಕತ್ತದಲ್ಲೇ ನೆಲೆಸಿದ್ದ ಒಬ್ಬ ಮಾಜಿ ಹಡಗು ಕಪ್ತಾನ ಅವನ ಹೆಸರಿಗೆ ಒಂದು ಬಹಿರಂಗ ಪತ್ರ ಬರೆದು ಅಚ್ಚು ಹಾಕಿಸಿದ. ಇನ್ನೂ ಕಟ್ಟದ ಒಂದು ಬಂದರನ್ನು, ಇನ್ನೂ ಎದ್ದಿರದ ಒಂದು ಅಲೆ ಹೇಗೆ ಮುಳುಗಿಸುತ್ತದೆ ಎಂದು ಆ ಪತ್ರದಲ್ಲಿತ್ತು.

ಅವನ ಹೆಸರು ಹೆನ್ರಿ ಪಿಡಿಂಗ್ಟನ್. ಸೈಕ್ಲೋನ್ ಎಂಬ ಹೆಸರನ್ನು ಲೋಕಕ್ಕೆ ಕೊಟ್ಟವನು ಇವನೇ, ಅದನ್ನು ಕೊಟ್ಟದ್ದು ಕಲ್ಕತ್ತದಲ್ಲಿ ಕುಳಿತು. ಕಡಲಯಾನ ಬಿಟ್ಟ ಮೇಲೆ ಈ ಊರಿನಲ್ಲಿ ಬೇರೂರಿದ ಅವನ ಕೈಗೆ, ಹಡಗು ಅಪಘಾತಗಳನ್ನು ವಿಚಾರಣೆ ಮಾಡುವ ನ್ಯಾಯಮಂಡಳಿಯ ಅಧ್ಯಕ್ಷಗಿರಿ ಬಂತು. ಅದರ ಜೊತೆಗೇ ಬಂದವು ಲಾಗ್‌ಬುಕ್ಕುಗಳು. ಬಿರುಗಾಳಿಯಲ್ಲಿ ಸಿಕ್ಕಿ ಹೇಗೋ ಬದುಕಿ ಬಂದ ಹಡಗುಗಳ ದಿನಚರಿಗಳು ಅವು. ಇಷ್ಟು ಗಂಟೆಗೆ ಗಾಳಿ ಈ ದಿಕ್ಕಿನಿಂದ, ಇಷ್ಟು ಗಂಟೆಗೆ ಬ್ಯಾರೋಮೀಟರ್ ಇಷ್ಟಕ್ಕೆ ಇಳಿಯಿತು ಎಂಬ ಒಣ ಸಾಲುಗಳು. ಬೇರೆಯವರಿಗೆ ಅದು ಕಡತ. ಪಿಡಿಂಗ್ಟನ್ ಒಂದೇ ಬಿರುಗಾಳಿಯಲ್ಲಿದ್ದ ಹತ್ತಾರು ಹಡಗುಗಳ ಲಾಗ್‌ಬುಕ್ಕುಗಳನ್ನು ಒಟ್ಟಿಗೆ ಹರಡಿಕೊಂಡ, ಪ್ರತಿ ಹಡಗು ಕಂಡ ಗಾಳಿಯನ್ನು ನಕ್ಷೆಯ ಮೇಲೆ ಬಾಣವಾಗಿ ಗುರುತು ಹಾಕಿದ. ಬಾಣಗಳೆಲ್ಲ ಸೇರಿ ಸುತ್ತತೊಡಗಿದವು! ಉಪಗ್ರಹವಿಲ್ಲ, ರೇಡಾರ್ ಇಲ್ಲ, ಭಾರತದಲ್ಲಿ ತಂತಿ ಜಾಲವೂ ಇನ್ನೂ ಹರಡಿರಲಿಲ್ಲ. ಆದರೂ ನೂರಾರು ಮೈಲಿ ಅಗಲದ ಚಂಡಮಾರುತದ ಇಡೀ ಆಕಾರ ಒಬ್ಬ ಮನುಷ್ಯನ ಮೇಜಿನ ಮೇಲೆ ಮೂಡಿತ್ತು.

ಚಾರ್ಲ್ಸ್ ಹೆಡಲ್ ಎಂಬ ಪುಟ್ಟ ಹಡಗಿನ ಪ್ರಸಂಗ ಓದುವಾಗಲಂತೂ ನಾನು ಪುಟ ತಿರುಗಿಸುವುದನ್ನೇ ಮರೆತೆ. 1845ರ ಫೆಬ್ರವರಿಯಲ್ಲಿ ಅದು ಮಾರಿಷಸ್ ಹತ್ತಿರ ಬಿರುಗಾಳಿಗೆ ಬೆನ್ನು ಕೊಟ್ಟು ಓಡಿತು. ಗಾಳಿ ದೂಡಿದ ಕಡೆಗೆ ಹೋಗುತ್ತಲೇ ಇತ್ತು. ಹಾಗೆ ದಿನಗಟ್ಟಲೆ ಓಡಿದ್ದೆಲ್ಲ ಒಂದೇ ಕೇಂದ್ರದ ಸುತ್ತ ಹಾಕಿದ ಐದು ಸುತ್ತುಗಳು! ಚಂಡಮಾರುತ ತಾನು ಸುತ್ತುವ ಬಗೆಯನ್ನು ಆ ಹಡಗಿನ ಕೈಯಿಂದಲೇ ಬರೆಸಿ ಕಳಿಸಿದಂತಿತ್ತು, ಆ ಬರಹ ಪಿಡಿಂಗ್ಟನ್‌ಗೆ ಸಿಕ್ಕಿತು. 1848ರಲ್ಲಿ ಅವನು ನಾವಿಕರಿಗಾಗಿ ಪುಸ್ತಕ ಬರೆದಾಗ, ಕೊಂಬನ್ನು ತೆಳ್ಳಗೆ ಹೆರೆದು ಮಾಡಿದ ಪಾರದರ್ಶಕ ಹಾಳೆಗಳನ್ನು ಅದರೊಂದಿಗೆ ಕೊಟ್ಟ. ಉತ್ತರಾರ್ಧಗೋಳಕ್ಕೊಂದು, ದಕ್ಷಿಣಾರ್ಧಗೋಳಕ್ಕೊಂದು. ಹಾಳೆಯ ಮೇಲೆ ವೃತ್ತದೊಳಗೆ ವೃತ್ತ, ಅವುಗಳ ಮೇಲೆ ಗಾಳಿಯ ದಿಕ್ಕು. ಕಪ್ತಾನ ಅದನ್ನು ನಕ್ಷೆಯ ಮೇಲಿಟ್ಟು ತನಗೆ ಬೀಸುತ್ತಿರುವ ಗಾಳಿಗೆ ಹೊಂದಿಸಿದರೆ ಸಾಕು, ಬಿರುಗಾಳಿಯ ಕಣ್ಣು ಎಲ್ಲಿದೆ, ಯಾವ ಕಡೆ ಓಡಿದರೆ ಜೀವ ಉಳಿದೀತು ಎಂಬುದು ತಿಳಿಯುತ್ತಿತ್ತು.

ನನ್ನನ್ನು ಇನ್ನೂ ಹೆಚ್ಚು ಹಿಡಿದು ನಿಲ್ಲಿಸಿದ್ದು ಬೇರೆ. ಚಂಡಮಾರುತದಲ್ಲಿ ಎಲ್ಲರೂ ಗಾಳಿಗೆ ಹೆದರುವಾಗ ಅವನು ನೀರನ್ನು ನೋಡುತ್ತಿದ್ದ. ಗೋದಾವರಿಯ ಮುಖದ ಹತ್ತಿರದ ಕೋರಿಂಗ ಎಂಬ ಬಂದರನ್ನು 1789ರ ಡಿಸೆಂಬರಿನಲ್ಲಿ ಒಂದರ ಹಿಂದೊಂದು ಬಂದ ಮೂರು ಮಹಾ ಅಲೆಗಳು ನುಂಗಿದ್ದವು. 1839ರಲ್ಲಿ ಅದೇ ಊರಿಗೆ ಮತ್ತೆ ಅಂಥದೇ ಅಲೆ ಬಂತು. ಪಿಡಿಂಗ್ಟನ್ ಇವನ್ನೆಲ್ಲ ಕೂಡಿಸಿ ನೋಡಿದ. ಇದರ ಒಳಗುಟ್ಟು ಈಗ ನಮಗೆ ಚೆನ್ನಾಗಿ ಗೊತ್ತಿದೆ. ಚಂಡಮಾರುತದ ನಡುವೆ ವಾಯುಭಾರ ಕುಸಿದಾಗ ಅದರ ಕೆಳಗಿನ ಕಡಲು ಉಬ್ಬುತ್ತದೆ. ಒಂದು ಮಿಲಿಬಾರ್ ಇಳಿದರೆ ಸುಮಾರು ಒಂದು ಸೆಂಟಿಮೀಟರ್. ಅದು ಸಣ್ಣ ಪಾಲು. ದೊಡ್ಡ ಪಾಲು ಗಾಳಿಯದು. ಆಳ ಕಡಲಿನಲ್ಲಿ ಗಾಳಿ ತಳ್ಳಿದ ನೀರು ಅಡಿಯಿಂದ ಹಿಂದಕ್ಕೆ ಹೋಗಿಬಿಡುತ್ತದೆ. ಆದರೆ ಬಂಗಾಳ ಕೊಲ್ಲಿಯ ಉತ್ತರದ ತುದಿ ಆಳವಿಲ್ಲದ್ದು, ಮೇಲಾಗಿ ಎರಡೂ ದಡ ಒಳಕ್ಕೆ ಒತ್ತಿಕೊಂಡು ಬರುತ್ತವೆ. ಬಾಯಿ ಅಗಲದ ಆಲಿಕೆಗೆ ಕೊಡಪಾನದ ನೀರನ್ನು ಒಮ್ಮೆಲೇ ಸುರಿದರೆ ಏನಾಗುತ್ತದೋ ಅದೇ. ಹೋಗಲು ದಾರಿಯಿಲ್ಲದ ನೀರು ಮೇಲಕ್ಕೇರುತ್ತದೆ. ಅದೇ ಹೊತ್ತಿಗೆ ಉಬ್ಬರವೂ ಇದ್ದರಂತೂ ಮುಗಿಯಿತು.

ಈಗ ಆ ಪತ್ರಕ್ಕೆ ಬರೋಣ. ಹೂಗ್ಲಿ ನದಿಯಲ್ಲಿ ಹೂಳು ತುಂಬಿ ಕಲ್ಕತ್ತ ಬಂದರು ನಿರುಪಯೋಗವಾದೀತು ಎಂಬ ಭಯ ಆಗ ದೊಡ್ಡದಾಗಿತ್ತು. ಆಗ್ನೇಯಕ್ಕೆ ಸುಂದರಬನದ ಅಂಚಿನಲ್ಲಿ ಮಾತ್ಲಾ ಎಂಬ ಅಗಲವಾದ, ಆಳವಾದ ನದಿ. ಅಲ್ಲೊಂದು ಹೊಸ ಬಂದರು, ಅಲ್ಲಿಗೆ ಕಲ್ಕತ್ತದಿಂದ ರೈಲು, ಇದು ಕನಸು. ಪಿಡಿಂಗ್ಟನ್ ಆ ಜಾಗವನ್ನು ನೋಡಿದ್ದು ಮಾತ್ರ ತನ್ನ ಲಾಗ್‌ಬುಕ್ಕುಗಳ ಮೂಲಕ. ಮುಂದೊಂದು ದಿನ ಚಂಡಮಾರುತದ ನಡುವೆ ಉಪ್ಪುನೀರಿನ ರಾಶಿ ಉರುಳಿಕೊಂಡು ಬರುತ್ತದೆ, ಇಡೀ ವಸತಿ 5ರಿಂದ 15 ಅಡಿ ನೀರಿನಲ್ಲಿ ಮುಳುಗುತ್ತದೆ, ಅದಕ್ಕೆ ಎಲ್ಲರೂ ಸಿದ್ಧರಾಗಿರಬೇಕು ಎಂದು ಅವನು ಬರೆದ. ಎಸ್ಪ್ಲನೇಡ್‌ನ ಬಂಗಲೆಯ ದೊರೆಗೆ ಇದಕ್ಕಿಂತ ಬಿಡಿಸಿ ಯಾರು ಹೇಳಬಲ್ಲರು?

ಆದರೂ ಬಂದರು ಬಂತು. ಮುಂದಿನ ಗವರ್ನರ್ ಜನರಲ್ ಕ್ಯಾನಿಂಗ್ ಹೆಸರನ್ನೇ ಅದಕ್ಕಿಟ್ಟರು. ಕಲ್ಕತ್ತ ಅಂಡ್ ಸೌತ್ ಈಸ್ಟರ್ನ್ ರೈಲ್ವೆ ಕಂಪನಿ 1862ರಲ್ಲಿ ಚಂಪಾಹಾಟಿವರೆಗೆ, 1863ರಲ್ಲಿ ಪೋರ್ಟ್ ಕ್ಯಾನಿಂಗ್‌ವರೆಗೆ ಹಳಿ ಹಾಸಿತು. ಪಿಡಿಂಗ್ಟನ್ 1858ರಲ್ಲೇ ತೀರಿಕೊಂಡಿದ್ದ, ಆ ಮಾರ್ಗದ ಮೊದಲ ರೈಲನ್ನೂ ಅವನು ನೋಡಲಿಲ್ಲ.

ಕಡಲು ಒಂದು ಎಚ್ಚರಿಕೆಯನ್ನೂ ಕೊಟ್ಟಿತು. 1864ರ ಅಕ್ಟೋಬರ್ 5ರಂದು ಚಂಡಮಾರುತದ ಅಲೆ ಹೂಗ್ಲಿಯೊಳಗೇ ನುಗ್ಗಿ ಕಲ್ಕತ್ತದವರೆಗೆ ಬಂತು! ಬಂದರಿನಲ್ಲಿದ್ದ ಸುಮಾರು ಇನ್ನೂರು ಹಡಗುಗಳಲ್ಲಿ ಹೆಚ್ಚಿನವು ಲಂಗರು ಕಿತ್ತುಕೊಂಡು ಒಂದಕ್ಕೊಂದು ಅಪ್ಪಳಿಸಿದವು, ಕೆಲವು ದಡ ಹತ್ತಿ ಕುಳಿತವು. ಕೆಳಗಿನ ಜಿಲ್ಲೆಗಳಲ್ಲಿ ಸತ್ತವರು ಹತ್ತಾರು ಸಾವಿರ. ಇಷ್ಟಾದ ಮೇಲೂ ಮರುವರ್ಷ ಪೋರ್ಟ್ ಕ್ಯಾನಿಂಗ್ ಹೆಸರಿನ ಷೇರುಗಳಿಗೆ ಜನ ಮುಗಿಬಿದ್ದರು. ಇದನ್ನು ಓದುವಾಗ ಎದೆ ಹಿಂಡಿದಂತಾಗುತ್ತದೆ.

1867ರ ನವೆಂಬರ್ 1ರ ರಾತ್ರಿ ಅದು ಬಂದೇಬಿಟ್ಟಿತು. ಮಾತ್ಲಾ ನದಿಯ ಮೇಲಿಂದ 6 ಅಡಿ ಎತ್ತರದ ಅಲೆ. ಹದಿನೈದಲ್ಲ, ಬರೀ ಆರು! ರೈಲು ನಿಲ್ದಾಣದ ಕಟ್ಟಡ, ಸರಕಿನ ಶೆಡ್ಡುಗಳು, ರೈಲ್ವೆಯ ಹೋಟೆಲು ಗಾಳಿ, ಅಲೆಗಳ ಹೊಡೆತಕ್ಕೆ ನೆಲಕ್ಕೊರಗಿದವು. ರೈಲು ನೇರವಾಗಿ ಹಡಗಿನ ಪಕ್ಕಕ್ಕೆ ಹೋಗಲೆಂದು ಕಟ್ಟಿದ ಜೆಟ್ಟಿ ಮುರಿಯಿತು. ಸಿಹಿನೀರಿನ ಕೆರೆಗಳು ಉಪ್ಪಾದವು. ಪತ್ರ ಬರೆದು 14 ವರ್ಷವಾಗಿತ್ತು. ಮರುವರ್ಷ ಕಂಪನಿ ಆ ರೈಲು ಮಾರ್ಗವನ್ನು ಸರ್ಕಾರಕ್ಕೆ ಒಪ್ಪಿಸಿತು, ಕೆಲವೇ ವರ್ಷಗಳಲ್ಲಿ ಬಂದರನ್ನೂ ಕೈಬಿಟ್ಟರು.

ಆರಡಿ ನೀರಿಗೆ ಇಷ್ಟು ಬಲವೇ? ಒಂದು ಘನಮೀಟರ್ ನೀರೆಂದರೆ ಒಂದು ಟನ್ ಭಾರ, ಅದು ಗಾಳಿ ತಳ್ಳಿದಂತೆ ನುಗ್ಗಿ ಬರುತ್ತದೆ. ರೈಲು ಹಳಿಯನ್ನು ಅದು ಮುರಿಯಬೇಕಾಗಿಯೇ ಇಲ್ಲ. ಏರಿಯನ್ನು ದಾಟಿ ಆಚೆ ಬದಿಗೆ ಧುಮುಕಿ ಬುಡದ ಮಣ್ಣನ್ನು ಕೊರೆಯುತ್ತದೆ, ಜಲ್ಲಿಯನ್ನು ಬಳಿದೊಯ್ಯುತ್ತದೆ, ಹಳಿ ತಾನಾಗಿಯೇ ನೇತಾಡುತ್ತದೆ. ಇಂಗ್ಲೆಂಡಿನ ಡಾಲಿಶ್‌ನಲ್ಲಿ ಕಡಲಿಗೆ ಅಂಟಿಕೊಂಡೇ ಓಡುವ, 1846ರಿಂದ ಇರುವ ರೈಲು ಮಾರ್ಗದ ತಡೆಗೋಡೆಯನ್ನು 2014ರ ಫೆಬ್ರವರಿಯಲ್ಲಿ ಅಲೆಗಳು ಒಡೆದಾಗ ಆದದ್ದು ಇದೇ, ಸ್ಲೀಪರುಗಳ ಸಮೇತ ಹಳಿ ಗಾಳಿಯಲ್ಲಿ ತೂಗಿತು. 1964ರ ಡಿಸೆಂಬರ್ 22ರ ರಾತ್ರಿ ಧನುಷ್ಕೋಡಿಯಲ್ಲಿ ಅಲೆ ಪ್ರಯಾಣಿಕರ ಸಹಿತ ರೈಲನ್ನೇ ಎಳೆದೊಯ್ದಿತು. ನಮ್ಮ ಉಳ್ಳಾಲ, ಮರವಂತೆಯ ಜನರಿಗೆ ಕಡಲ್ಕೊರೆತ ಗೊತ್ತು. ಮುಂಗಾರಿನಲ್ಲಿ ತಡೆಗೋಡೆಗೆ ಸುರಿದ ಬಂಡೆಗಳು ಜಾರುತ್ತ ಹೋಗುವುದನ್ನು ಅವರು ಕಂಡಿದ್ದಾರೆ. ಅಲ್ಲಿ ಕಡಲು ವರ್ಷಗಟ್ಟಲೆ ಮೆಲ್ಲಮೆಲ್ಲನೆ ತಿನ್ನುತ್ತದೆ. ಪಿಡಿಂಗ್ಟನ್ ಹೇಳಿದ ಅಲೆ ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಮುಗಿಸುತ್ತದೆ.

ನನಗೆ ಇನ್ನೂ ಅಚ್ಚರಿ ತರುವುದು ಆ ರೈಲು ಮಾರ್ಗ ಈಗಲೂ ಬದುಕಿರುವುದು! 2025ರ ಆಗಸ್ಟ್‌ನಿಂದ ಎಸ್ಪ್ಲನೇಡ್‌ನ ನೆಲದಡಿಯಲ್ಲೇ ಸಿಯಾಲ್ದಾ ರೈಲು ನಿಲ್ದಾಣಕ್ಕೆ ನೇರ ಮೆಟ್ರೊ ಇದೆ. ಅಲ್ಲಿ ಮೇಲೆ ಬಂದು ಕ್ಯಾನಿಂಗ್ ಲೋಕಲ್ ಹತ್ತಿದರೆ ಸೋನಾರ್‌ಪುರ, ಚಂಪಾಹಾಟಿ, ಘುಟಿಯಾರಿ ಷರೀಫ್, ತಾಲ್ದಿ, ಕೊನೆಗೆ ಕ್ಯಾನಿಂಗ್. ಬಂದರಿಲ್ಲದ ಬಂದರಿನ ನಿಲ್ದಾಣ, ಈಗ ಸುಂದರಬನದ ಹೆಬ್ಬಾಗಿಲು. ಬೆಳಕು ಹರಿಯುವ ಮೊದಲೇ ಮೀನು ಮಾರುವವರು, ಕೋಲ್ಕತ್ತದ ಮನೆಗೆಲಸಕ್ಕೆ ಹೋಗುವ ಹೆಂಗಸರು ಆ ಗಾಡಿಗಳನ್ನು ತುಂಬಿರುತ್ತಾರೆ.

ಅವರನ್ನು ಕಾಯುವುದು ಯಾವ ಗೋಡೆಯೂ ಅಲ್ಲ, ಮೊದಲೇ ಸಿಗುವ ಸುದ್ದಿ. 1864ರ ಪೆಟ್ಟಿನ ಬೆನ್ನಿಗೇ, 1865ರಲ್ಲಿ, ಕಲ್ಕತ್ತ ಬಂದರಿನಲ್ಲಿ ಭಾರತದ ಮೊತ್ತಮೊದಲ ಚಂಡಮಾರುತ ಎಚ್ಚರಿಕೆಯ ವ್ಯವಸ್ಥೆ ಶುರುವಾಯಿತು. ಆ ಬಿರುಗಾಳಿಯ ವರದಿಯನ್ನು ಗ್ಯಾಸ್ಟ್ರೆಲ್ ಎಂಬವನ ಜೊತೆ ಬರೆದ ಹೆನ್ರಿ ಬ್ಲ್ಯಾನ್‌ಫೋರ್ಡ್ 1875ರಲ್ಲಿ ಹುಟ್ಟಿದ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥನಾದ. ಈಗ ಚಂಡಮಾರುತ ಹತ್ತಿರ ಬಂದರೆ ಹೌರಾದ ಶಾಲಿಮಾರ್‌ನಲ್ಲಿ ನಿಂತ ರೈಲುಗಳ ಗಾಲಿಗಳನ್ನು ಸರಪಳಿಯಿಂದ ಹಳಿಗೆ ಬಿಗಿಯುತ್ತಾರೆ. 2024ರ ಅಕ್ಟೋಬರ್ 24ರ ರಾತ್ರಿ, ದಾನಾ ಚಂಡಮಾರುತ ಒಡಿಶಾದ ದಡ ಮುಟ್ಟುವುದಕ್ಕೆ ಗಂಟೆಗಳ ಮೊದಲೇ ಸಿಯಾಲ್ದಾ ದಕ್ಷಿಣ ವಿಭಾಗದ ಲೋಕಲ್‌ಗಳು ನಿಂತಿದ್ದವು. ಕ್ಯಾನಿಂಗ್ ಮಾರ್ಗವೂ ಆ ರಾತ್ರಿ ಖಾಲಿಯಾಗಿತ್ತು.