‘ಸಮುದ್ರ’ ಎಂಬ ಪದವೂ ಸರಕು ಸಾಗಣೆಯ ವಿಮೆಯೂ

ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರ ಗ್ರಾಮವು ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಹೊರಟ ಲಾರಿಯು ಬಂಗಾಳ ಕೊಲ್ಲಿಯನ್ನು ಕಾಣಬೇಕಾದರೆ ಘಟ್ಟವಿಳಿದು, ಚಿತ್ತೂರನ್ನು ದಾಟಿ, ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಕ್ರಮಿಸಬೇಕು. ಅರಬ್ಬೀ ಸಮುದ್ರವಂತೂ ಇನ್ನೂ ದೂರ. ಹೀಗಿದ್ದರೂ ಊರಿನ ಹೆಸರಿನಲ್ಲಿ ಸಮುದ್ರವಿರುವುದನ್ನು ಕಂಡು ನಮ್ಮ ಜಿಲ್ಲೆಯವರಾರೂ ಹುಬ್ಬೇರಿಸುವುದಿಲ್ಲ. ಇಲ್ಲಿ ಸಮುದ್ರವೆಂದರೆ ದೊಡ್ಡ ಕೆರೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಇದೇ ಜಿಲ್ಲೆಯ ವರ್ತಕ ಬಂಧುಗಳಿಗೆ ‘ಮರೈನ್ ಪಾಲಿಸಿ’, ಅಂದರೆ ಸಾಗರ ವಿಮೆ, ಮಾಡಿಸಿರೆಂದು ಹೇಳಿದರೆ, “ನಮ್ಮ ಸರಕು ಹಡಗು ಹತ್ತುವುದಿಲ್ಲವಲ್ಲ, ನಮಗೇಕೆ?” ಎಂದು ಕೇಳುತ್ತಾರೆ. ಊರ ಹೆಸರಿನಲ್ಲಿ ಒಪ್ಪಿಕೊಂಡ ಸಂಗತಿಯನ್ನು ದಸ್ತಾವೇಜಿನಲ್ಲಿ ಒಪ್ಪಿಕೊಳ್ಳದಿರುವುದರಿಂದ ಆಗುತ್ತಿರುವ ನಷ್ಟವು ಸಣ್ಣದಲ್ಲವಾದ ಕಾರಣ ಈ ಪದವನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಉಚಿತವೆನಿಸುತ್ತದೆ.

ಸಂಸ್ಕೃತದ ‘ಸಮುದ್ರ’ ಶಬ್ದಕ್ಕೆ ನೀರೆಲ್ಲ ಒಂದೆಡೆ ಬಂದು ಕೂಡುವ ಸ್ಥಳವೆಂದು ವಿದ್ವಾಂಸರು ಅರ್ಥ ಹೇಳುತ್ತಾರೆ. ಆ ನೀರು ಉಪ್ಪಾಗಿರಬೇಕೆಂಬ ನಿಬಂಧನೆಯೇನೂ ಶಬ್ದದಲ್ಲಿಲ್ಲ. ಆದುದರಿಂದ ಸುತ್ತಲಿನ ಗುಡ್ಡಗಳ ಮಳೆನೀರು ಹರಿದುಬಂದು ಏರಿಯ ಹಿಂದೆ ನಿಲ್ಲುವ ಕೆರೆಯನ್ನು ಸಮುದ್ರವೆಂದು ಕರೆದದ್ದು ಬರಿಯ ಉತ್ಪ್ರೇಕ್ಷೆಯಲ್ಲ. ಇಂದಿನ ಹಳೇಬೀಡು ಹೊಯ್ಸಳರ ಕಾಲದಲ್ಲಿ ದೋರಸಮುದ್ರವಾಗಿದ್ದುದು ಅಲ್ಲಿನ ಕೆರೆಯಿಂದ. ಅನಂತಪುರದ ಬಳಿಯ ಬುಕ್ಕರಾಯಸಮುದ್ರವೂ ಕೆರೆಯ ಹೆಸರೇ. ಕೋಲಾರ ತಾಲ್ಲೂಕಿನ ಸೋಮಾಂಬುಧಿ ಅಗ್ರಹಾರದ ‘ಅಂಬುಧಿ’ಯೂ, ಲಕ್ಷ್ಮೀಸಾಗರದ ‘ಸಾಗರ’ವೂ ಅದೇ ಪಂಕ್ತಿಯವು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಲ್ಲಿ ನಮ್ಮ ಜಿಲ್ಲೆಗೆ ಬಂದಾಗ ಮೊದಲು ಸೇರಿದ್ದು ಈ ಲಕ್ಷ್ಮೀಸಾಗರವನ್ನೇ. ಕುಂಟೆ, ಕಟ್ಟೆ, ಕೆರೆ ಎಂದು ಗಾತ್ರಕ್ಕೆ ತಕ್ಕಂತೆ ಹೆಸರಿಡುತ್ತ ಬಂದವರು ಅದಕ್ಕೂ ದೊಡ್ಡದಕ್ಕೆ ಸಮುದ್ರ, ಸಾಗರ ಎಂದರು. ಆದರೆ ಅಚ್ಚಗನ್ನಡದ ‘ಕಡಲು’ ಎಂಬ ಪದವನ್ನು ಕೆರೆಗೆ ಇಟ್ಟದ್ದನ್ನು ನಾನು ಎಲ್ಲಿಯೂ ಕೇಳಿಲ್ಲ.

ವಿಜಯನಗರದ ಕಾಲದಲ್ಲಿ ಇಂತಹ ಕೆರೆಗಳು ರಾಜ್ಯದ ಬಂಡವಾಳ ಹೂಡಿಕೆಗಳಾಗಿದ್ದವು. ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿರುವ 1369ರ ಶಾಸನವು ಅಲ್ಲಿನ ಅನಂತರಾಜಸಾಗರ ಎಂಬ ಕೆರೆಗೆ ದಿನವೊಂದಕ್ಕೆ ಸಾವಿರ ಕೂಲಿಗಳು, ನೂರು ಬಂಡಿಗಳು, ಎರಡು ವರ್ಷಗಳ ಕಾಲ ಕೆಲಸ ಮಾಡಿದುದನ್ನು ದಾಖಲಿಸಿದೆ. ವೆಚ್ಚ ಲೆಕ್ಕದ ವಿದ್ಯಾರ್ಥಿಗಳು ನೋಡಬೇಕಾದ ಶಾಸನವಿದು. ಇನ್ನೊಂದು ಸ್ವಾರಸ್ಯವೂ ಉಂಟು. 1424ರಿಂದ 1446ರವರೆಗೆ ಆಳಿದ ಎರಡನೆಯ ದೇವರಾಯನ ದಂಡನಾಯಕನೂ ‘ಶಿವತತ್ತ್ವಚಿಂತಾಮಣಿ’ಯ ಕರ್ತೃವೂ ಆದ ಲಕ್ಕಣ್ಣನು ಮುಳಬಾಗಿಲು ಸೀಮೆಯ ಆಡಳಿತವನ್ನು ನಡೆಸಿದವನು, ಆತನಿಗೆ ದಕ್ಷಿಣ ಸಮುದ್ರದ ಒಡೆಯನೆಂಬ ಬಿರುದಿತ್ತು. ಬಿರುದಿನ ಸಮುದ್ರದಲ್ಲಿ ಹಡಗುಗಳು ಓಡಾಡುತ್ತಿದ್ದವು. ಊರ ಹೆಸರಿನ ಸಮುದ್ರದಲ್ಲಿ ತೂಬು, ಕೋಡಿ, ಅಚ್ಚುಕಟ್ಟುಗಳಿದ್ದವು. ಒಂದೇ ಸೀಮೆಯಲ್ಲಿ ಎರಡೂ ಬಳಕೆಯಲ್ಲಿದ್ದರೂ ಯಾರಿಗೂ ಗೊಂದಲವಾಗಲಿಲ್ಲ. ಸಂದರ್ಭವೇ ಅರ್ಥವನ್ನು ನಿಶ್ಚಯಿಸುತ್ತಿತ್ತು.

ಇಲ್ಲಿಯವರೆಗಿನದು ಒಂದೇ ಪದದ ಹಿಗ್ಗಿದ ಅರ್ಥ. ಇನ್ನು ಮುಂದಿನದು ಸಮುದ್ರದೊಡನೆ ಯಾವ ಸಂಬಂಧವೂ ಇಲ್ಲದ ‘ಸಮುದ್ರ’. ‘ಸ’ ಎಂದರೆ ಕೂಡಿದ. ‘ಮುದ್ರಾ’ ಎಂದರೆ ಮುದ್ರೆ. ಮುದ್ರೆಯೊಡನೆ ಕೂಡಿದುದು, ಅಂದರೆ ಮೊಹರು ಮಾಡಿದುದು, ಎಂಬರ್ಥದ ಈ ಪದವು ಉಚ್ಚಾರದಲ್ಲಿಯೂ ಬರಹದಲ್ಲಿಯೂ ಕಡಲಿನ ಸಮುದ್ರದಂತೆಯೇ ಇರುತ್ತದೆ. ಮನುಸ್ಮೃತಿಯ 8ನೆಯ ಅಧ್ಯಾಯದ 188ನೆಯ ಶ್ಲೋಕದಲ್ಲಿ ಇದು ಠೇವಣಿಯ ವಿಷಯವಾಗಿ ಬಂದಿದೆ. ಮೊಹರು ಮಾಡಿ ಒಪ್ಪಿಸಿದ ನಿಕ್ಷೇಪದಿಂದ ಏನನ್ನೂ ತೆಗೆದುಕೊಳ್ಳದಿದ್ದರೆ ಇಟ್ಟುಕೊಂಡವನ ಮೇಲೆ ಹೊಣೆಯಿಲ್ಲವೆಂಬುದು ಅದರ ತಾತ್ಪರ್ಯ. ಮರುಶ್ಲೋಕವು ಕಳ್ಳರು ಒಯ್ದ, ನೀರಿನಲ್ಲಿ ಕೊಚ್ಚಿಹೋದ, ಬೆಂಕಿಯಲ್ಲಿ ಸುಟ್ಟ ಠೇವಣಿಯ ಪ್ರಸ್ತಾಪ ಮಾಡುತ್ತದೆ. ಅದರಿಂದ ತಾನೇನನ್ನೂ ತೆಗೆದುಕೊಂಡಿರದವನು ಆ ನಷ್ಟವನ್ನು ತುಂಬಿಕೊಡಬೇಕಾಗಿಲ್ಲ. ನೀರಿನ ಮಾತು ಪಕ್ಕದಲ್ಲಿಯೇ ಇರುವುದರಿಂದ, ಅವಸರದಲ್ಲಿ ಓದುವವನು ಮೊದಲ ಶ್ಲೋಕದ ಪದವನ್ನು ಕಡಲೆಂದೇ ತಿಳಿದು, ‘ಸಮುದ್ರದಲ್ಲಿ ಏನೂ ದೊರೆಯದು’ ಎಂಬಂತಹ ಅರ್ಥವಿಲ್ಲದ ಅರ್ಥವನ್ನು ಮಾಡಿಬಿಡಬಹುದು.

ನಮ್ಮ ದಾಸ್ತಾನು ಮಳಿಗೆಗಳಿಗೂ ಶೀತಲಗೃಹಗಳಿಗೂ ಈ ವಿಚಾರ ಹೊಸದಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 151 ಮತ್ತು 152ನೆಯ ಪ್ರಕರಣಗಳ ಪ್ರಕಾರ ಪರರ ಸರಕನ್ನು ಇಟ್ಟುಕೊಂಡವನು, ಸಾಮಾನ್ಯ ವಿವೇಕವುಳ್ಳ ಮನುಷ್ಯನು ತನ್ನ ಸ್ವಂತ ಸರಕಿನ ವಿಷಯದಲ್ಲಿ ವಹಿಸುವಷ್ಟು ಎಚ್ಚರವನ್ನು ವಹಿಸಿದ್ದರೆ ಸಾಕು. ಬೇರೆ ಕರಾರಿಲ್ಲದಿದ್ದಲ್ಲಿ ಆಮೇಲಿನ ನಷ್ಟಕ್ಕೆ ಅವನು ಹೊಣೆಗಾರನಲ್ಲ. ಅಂದರೆ ಆ ನಷ್ಟವು ಸರಕಿನ ಮಾಲೀಕನದೇ. ಈ ಅಂಶವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ವಿಮೆಯ ಅಗತ್ಯವು ಹುಟ್ಟುವುದು ಇಲ್ಲಿಯೇ.

ಲೆಕ್ಕಿಗರಿಗೆ ಇನ್ನೊಂದು ಸಮುದ್ರವಿದೆ. ಯಜುರ್ವೇದದ ಸಂಖ್ಯಾಪಟ್ಟಿಯಲ್ಲಿ ಏಕ, ದಶ, ಶತ ಎಂದು ಹತ್ತು ಪಟ್ಟಿನಂತೆ ಏರುತ್ತ ಹೋದರೆ ನ್ಯರ್ಬುದದ ನಂತರ ಸಮುದ್ರ ಬರುತ್ತದೆ. ಅದರ ಬೆಲೆ 1,00,00,00,000. ಇಂದಿನ ಮಾತಿನಲ್ಲಿ ನೂರು ಕೋಟಿ. ಆದರೆ ಜ್ಯೋತಿಷ ಗ್ರಂಥಗಳಲ್ಲಿಯೂ ಶಾಸನಗಳ ಕಾಲಸೂಚನೆಯಲ್ಲಿಯೂ ಅಂಕಿಗಳನ್ನು ಪದಗಳಿಂದ ಸೂಚಿಸುವಾಗ, ದಿಕ್ಕಿಗೊಂದರಂತೆ ನಾಲ್ಕು ಸಮುದ್ರಗಳೆಂಬ ಎಣಿಕೆಯಿಂದ, ಅದೇ ಪದಕ್ಕೆ ಬೆಲೆ ಕೇವಲ 4. ನೂರು ಕೋಟಿಯೂ ನಾಲ್ಕೂ ಒಂದೇ ಪದದಲ್ಲಿ ಅಡಗಿರುವ ಇಂತಹ ಲೆಕ್ಕವನ್ನು ಯಾವ ಲೆಕ್ಕ ಪರಿಶೋಧಕನೂ ಟಿಪ್ಪಣಿಯಿಲ್ಲದೆ ಒಪ್ಪಲಾರನು!

ಪದವು ವ್ಯಾಪಾರಿಗಳೊಡನೆ ಹಡಗು ಹತ್ತಿ ಪೂರ್ವ ದೇಶಗಳಿಗೂ ಹೋಯಿತು. ಇಂದಿನ ಇಂಡೋನೇಷ್ಯಾದ ಉತ್ತರ ತುದಿಯಲ್ಲಿ 13ನೆಯ ಶತಮಾನದಿಂದ ಪ್ರಸಿದ್ಧವಾಗಿದ್ದ ಸಮುದ್ರ ಪಾಸೈ ಎಂಬ ಬಂದರು ರಾಜ್ಯವನ್ನು ಪ್ರವಾಸಿ ಇಬ್ನ್ ಬತೂತಾ ಕಂಡಿದ್ದನು. ಆ ಬಂದರಿನ ಹೆಸರೇ ಇಡೀ ದ್ವೀಪಕ್ಕೆ ಹಬ್ಬಿ ಸುಮಾತ್ರಾ ಆಯಿತೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಥಾಯ್ಲೆಂಡಿನಲ್ಲಿ ಸಮುತ್ ಪ್ರಾಕಾನ್, ಸಮುತ್ ಸಾಖೋನ್ ಎಂಬ ಪ್ರಾಂತಗಳಿವೆ; ಇಲ್ಲಿನ ‘ಸಮುತ್’ ನಮ್ಮ ಸಮುದ್ರವೇ. ಆದರೆ ಅದೇ ದೇಶದ ಅಂಗಡಿಯಲ್ಲಿ ‘ಸಮುತ್’ ಕೇಳಿದರೆ ಬರೆಯುವ ಪುಸ್ತಕವನ್ನು ಕೊಡುತ್ತಾರೆ. ಕಾಗುಣಿತ ಬೇರೆ, ಉಚ್ಚಾರ ಒಂದೇ. ಲೆಕ್ಕದ ಪುಸ್ತಕಕ್ಕೆ ಅವರು ಹೇಳುವುದು ‘ಸಮುತ್ ಬಂಚೀ’ ಎಂದು. ನಮ್ಮಲ್ಲಿ ಕೆರೆ, ಅಲ್ಲಿ ಖಾತೆ ಪುಸ್ತಕ.

ಈಗ ಆರಂಭದಲ್ಲಿ ಹೇಳಿದ ವಿಮೆಯ ವಿಷಯಕ್ಕೆ ಬರೋಣ. ಇಂಗ್ಲಿಷಿನ ‘ಮರೈನ್’ ಪದವು ಕಡಲಿನದು ಎಂಬುದರಲ್ಲಿ ಸಂಶಯವಿಲ್ಲ. ಲಂಡನ್ನಿನ ಲಾಯ್ಡ್ ಎಂಬಾತನ ಕಾಫಿ ಗೃಹದಲ್ಲಿ 17ನೆಯ ಶತಮಾನದ ಕೊನೆಯಲ್ಲಿ ಹಡಗಿನ ಮಾಲೀಕರೂ ವಿಮೆಗಾರರೂ ಕಲೆಯುತ್ತಿದ್ದ ಕಾಲದಲ್ಲಿ ದೂರದ ಸರಕೆಂದರೆ ಹಡಗಿನ ಸರಕೇ ಆಗಿತ್ತು. ರೈಲು, ಲಾರಿಗಳು ಬಂದ ಮೇಲೆ ಅವುಗಳ ಸರಕಿನ ವಿಮೆಯೂ ಹಳೆಯ ಹೆಸರಿನ ಅಡಿಯಲ್ಲಿಯೇ ಸೇರಿಕೊಂಡಿತು. ನಮ್ಮ ಎರಡು ಕಾನೂನುಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ ಇದು ಸ್ಪಷ್ಟವಾಗುತ್ತದೆ. 1963ರ ಸಾಗರ ವಿಮಾ ಅಧಿನಿಯಮವು ಮುಖ್ಯವಾಗಿ ಸಮುದ್ರಯಾನದ ನಷ್ಟಗಳನ್ನು ಕುರಿತದ್ದು. ಯಾನಕ್ಕೆ ಹೊಂದಿಕೊಂಡ ನೆಲದ ಅಪಾಯಗಳಿಗೆ ಅದನ್ನು ವಿಸ್ತರಿಸಲು 4ನೆಯ ಪ್ರಕರಣವು ಅವಕಾಶ ಕೊಡುತ್ತದೆ. ಆದರೆ 1938ರ ವಿಮಾ ಅಧಿನಿಯಮದ 2(13ಎ) ಪ್ರಕರಣವು ‘ಸಾಗರ ವಿಮಾ ವ್ಯವಹಾರ’ವನ್ನು ನಿರೂಪಿಸುವಾಗ ನೆಲದ ಮೂಲಕವಾಗಲಿ, ನೀರಿನ ಮೂಲಕವಾಗಲಿ, ಎರಡರ ಮೂಲಕವಾಗಲಿ ಸಾಗುವ ಯಾವುದೇ ಬಗೆಯ ಸರಕಿನ ವಿಮೆಯನ್ನೂ ಅದರಲ್ಲಿ ಸೇರಿಸಿದೆ. ಮಾಲೂರಿನಿಂದ ಮುಳಬಾಗಿಲಿಗೆ ಹೋಗುವ ಲಾರಿಯ ಸರಕೂ ಈ ಅರ್ಥದಲ್ಲಿ ‘ಸಾಗರ’ದ ಸರಕೇ.

ಕೆಲವು ವರ್ಷಗಳ ಹಿಂದೆ ಹೆಂಚಿನ ವ್ಯಾಪಾರಿಯೊಬ್ಬರು ತಮ್ಮ ಲಾರಿಯು ಚಿತ್ತೂರಿನ ದಾರಿಯಲ್ಲಿ ಮಗುಚಿಕೊಂಡ ಮೇಲೆ ಕಾಗದಗಳನ್ನು ಹಿಡಿದು ನನ್ನಲ್ಲಿಗೆ ಬಂದರು. ಲಾರಿಗೆ ವಿಮೆಯಿತ್ತು, ಅದರ ಹಣವೂ ಬಂದಿತು. ಹೆಂಚೆಲ್ಲ ಪುಡಿಯಾಗಿತ್ತು; ಅದಕ್ಕೆ ಒಂದು ರೂಪಾಯಿಯೂ ಬರಲಿಲ್ಲ. ಲಾರಿಯ ವಿಮೆಯಲ್ಲಿಯೇ ಅದರಲ್ಲಿನ ಸರಕೂ ಸೇರಿದೆ ಎಂದು ಅವರು ನಂಬಿದ್ದರು. ವಿಮಾ ಪ್ರತಿನಿಧಿಯು ಸಾಗಣೆ ವಿಮೆಯ ನಮೂನೆಯನ್ನು ಮೊದಲೇ ಕೊಟ್ಟಿದ್ದನಂತೆ. ಮೇಲಿನ ‘ಮರೈನ್’ ಎಂಬ ಶೀರ್ಷಿಕೆಯನ್ನು ನೋಡಿ ಇದು ಮಂಗಳೂರು, ಚೆನ್ನೈಗಳ ರಫ್ತುದಾರರಿಗೆ ಸಂಬಂಧಿಸಿದ್ದೆಂದು ಬದಿಗಿರಿಸಿದ್ದರು. ಇಂತಹವರು ಅವರೊಬ್ಬರೇ ಅಲ್ಲ. ವಾಹನದ ವಿಮೆಯು ವಾಹನಕ್ಕೂ ಮೂರನೆಯವರಿಗೆ ಆದ ಹಾನಿಗೂ ಸಂಬಂಧಿಸಿದ್ದು. ಒಳಗೆ ತುಂಬಿದ ಸರಕಿಗೆ ಅದರಲ್ಲಿ ಸ್ಥಾನವಿಲ್ಲ.

ಒಳನಾಡು ಸಾಗಣೆಯ ವಿಮೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಷರತ್ತುಗಳಲ್ಲಿ ‘ಬಿ’ ವರ್ಗವು ಬೆಂಕಿ, ಸಿಡಿಲು, ಸೇತುವೆ ಕುಸಿತ, ವಾಹನದ ಡಿಕ್ಕಿ ಅಥವಾ ಮಗುಚುವಿಕೆಯಂತಹ ಹೆಸರಿಸಿದ ಅಪಾಯಗಳಿಗೆ ಮಾತ್ರ ಅನ್ವಯಿಸುತ್ತದೆ. ‘ಎ’ ವರ್ಗವು ಹೊರತುಪಡಿಸಿದ ಕಾರಣಗಳನ್ನು ಬಿಟ್ಟು ಉಳಿದ ಎಲ್ಲ ಅಪಾಯಗಳಿಗೂ ಅನ್ವಯಿಸುತ್ತದೆ. ಕಳವು, ಒಡೆಯುವಿಕೆಗಳ ಭಯವಿರುವವರಿಗೆ ಇದೇ ತಕ್ಕದ್ದು. ಆದರೆ ಟೊಮೆಟೊ, ಮಾವು ಕಳುಹಿಸುವ ಮಂಡಿ ವರ್ತಕರು ಒಂದು ಮಾತನ್ನು ತಿಳಿದಿರಬೇಕು. ಸರಕಿನ ಸಹಜ ಸ್ವಭಾವದಿಂದ ಆಗುವ ಕೊಳೆತಕ್ಕೂ, ಲಾರಿಯು ತಡವಾಗಿ ತಲಪಿದುದರಿಂದ ಆಗುವ ನಷ್ಟಕ್ಕೂ ‘ಎ’ ವರ್ಗದಲ್ಲಿಯೂ ಪರಿಹಾರವಿಲ್ಲ. ‘ಎಲ್ಲ ಅಪಾಯಗಳು’ ಎಂಬ ಮಾತಿಗೂ ನಿಘಂಟಿನ ಅರ್ಥ ಹಿಡಿಯುವಂತಿಲ್ಲ.

ವಿಮೆಯನ್ನು ಯಾರು ಮಾಡಿಸಬೇಕೆಂಬುದು ಮಾರಾಟದ ಷರತ್ತನ್ನು ಅವಲಂಬಿಸುತ್ತದೆ. 1930ರ ಸರಕು ಮಾರಾಟ ಅಧಿನಿಯಮದ 26ನೆಯ ಪ್ರಕರಣದ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಸರಕಿನ ಒಡೆತನದೊಡನೆ ಅಪಾಯವೂ ವರ್ಗಾವಣೆಯಾಗುತ್ತದೆ. ಗಿರಾಕಿಯ ಮಳಿಗೆಗೆ ಮುಟ್ಟಿಸಿಕೊಡುವ ಕರಾರಾದರೆ ದಾರಿಯ ನಷ್ಟವು ಸಾಮಾನ್ಯವಾಗಿ ಮಾರುವವನದು; ನಮ್ಮ ಗೋದಾಮಿನಲ್ಲಿಯೇ ಒಪ್ಪಿಸಿದರೆ ಕೊಳ್ಳುವವನದು. ಬಿಲ್ಲಿನಲ್ಲಿ ಈ ಸಂಗತಿಯನ್ನು ಒಂದು ಸಾಲಿನಲ್ಲಿ ಬರೆಯುವ ರೂಢಿ ನಮ್ಮಲ್ಲಿ ಇನ್ನೂ ಬೆಳೆದಿಲ್ಲ.

ವಿಮಾ ಮೊತ್ತವನ್ನು ನಿಗದಿಪಡಿಸುವಾಗ ಅನೇಕರು ಮರೆಯುವುದು ತೆರಿಗೆಯನ್ನು. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 17(5)(ಎಚ್) ಪ್ರಕರಣದ ಪ್ರಕಾರ ಕಳೆದುಹೋದ, ಕಳವಾದ ಅಥವಾ ನಾಶವಾದ ಸರಕಿನ ಮೇಲಿನ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ; ಪಡೆದಿದ್ದರೆ ಹಿಂದಿರುಗಿಸಬೇಕು. ಸರಕಿನ ಮೂಲ ಬೆಲೆಗೆ ಮಾತ್ರ ವಿಮೆ ಮಾಡಿಸಿದವನಿಗೆ ಪರಿಹಾರ ಪೂರ್ತಿ ಬಂದರೂ ಈ ತೆರಿಗೆಯಷ್ಟು ಹಣ ಕೈಯಿಂದ ಹೋಗುತ್ತದೆ. ಆದುದರಿಂದ ತೆರಿಗೆ, ಲಾರಿ ಬಾಡಿಗೆಗಳನ್ನೂ ಸೇರಿಸಿ ಮೊತ್ತವನ್ನು ಬರೆಸುವುದು ಲೇಸು. ಆಗಾಗ ಸರಕು ಕಳುಹಿಸುವವರು ಪ್ರತಿ ಲಾರಿಗೂ ಪ್ರತ್ಯೇಕ ಪಾಲಿಸಿಯನ್ನು ಪಡೆಯಬೇಕಾಗಿಲ್ಲ. ವರ್ಷದ ಅಂದಾಜು ಸಾಗಣೆಗೆ ಒಂದೇ ಮುಕ್ತ ಪಾಲಿಸಿಯನ್ನು ಪಡೆದು, ಕಳುಹಿಸಿದ ಸರಕಿನ ವಿವರವನ್ನು ಕಾಲಕಾಲಕ್ಕೆ ಘೋಷಿಸುತ್ತ ಹೋಗಬಹುದು.

ಹಾನಿ ಸಂಭವಿಸಿದಾಗ ಒಡೆದ ಸರಕನ್ನು ಕೂಡಲೇ ಬೇರೆಡೆ ಸಾಗಿಸಬಾರದು. ಮೊದಲು ವಿಮಾ ಕಂಪನಿಗೆ ತಿಳಿಸಿ ಸಮೀಕ್ಷಕನು ಬಂದು ನೋಡುವಂತೆ ಮಾಡಬೇಕು, ಲಾರಿ ರಸೀದಿಯ ಮೇಲೆ ಹಾನಿಯ ವಿವರವನ್ನು ಬರೆಸಿಕೊಳ್ಳಬೇಕು. ಸರಕನ್ನು ಸಾರ್ವಜನಿಕ ಸಾಗಣೆದಾರರ ಮೂಲಕ ಕಳುಹಿಸಿದ್ದಲ್ಲಿ ಅವರಿಗೂ ಲಿಖಿತ ನೋಟೀಸು ಕೊಡಬೇಕು. 2007ರ ರಸ್ತೆ ಸಾಗಣೆ ಅಧಿನಿಯಮದ 16ನೆಯ ಪ್ರಕರಣದ ಪ್ರಕಾರ ಇದಕ್ಕೆ ಸರಕನ್ನು ಬುಕ್ ಮಾಡಿದ ದಿನದಿಂದ 180 ದಿನಗಳ ಗಡುವಿದೆ. ನಷ್ಟವಾದ ದಿನದಿಂದ ಎಣಿಸಿದರೆ ಲೆಕ್ಕ ತಪ್ಪುತ್ತದೆ. ನೋಟೀಸು ತಡವಾಗಿ ಸಾಗಣೆದಾರನ ಮೇಲಿನ ಹಕ್ಕು ನಶಿಸಿದರೆ, ತಾನು ವಸೂಲು ಮಾಡಬಹುದಾಗಿದ್ದ ಹಣ ಹೋಯಿತೆಂದು ವಿಮಾ ಕಂಪನಿಯೂ ತಕರಾರು ತೆಗೆಯುವುದುಂಟು. ಪಾಲಿಸಿಯ ಪ್ರತಿಯಲ್ಲಿ ಸಾಗಣೆಯ ಆರಂಭ ಮತ್ತು ಕೊನೆಯ ಸ್ಥಳಗಳನ್ನು ನಮೂದಿಸುವ ಅಂಕಣದಲ್ಲಿ ಊರಿನ ಹೆಸರಿನೊಡನೆ ತಾಲ್ಲೂಕು, ಜಿಲ್ಲೆ, ಪಿನ್ ಕೋಡುಗಳನ್ನೂ ತಪ್ಪದೆ ಬರೆಸಿರಿ. ‘ಸಮುದ್ರ’ದಲ್ಲಿ ಮುಗಿಯುವ ಊರುಗಳು ನಮ್ಮ ಸುತ್ತಮುತ್ತ ಒಂದೆರಡಲ್ಲ.